ಸೌದೆ ಕೊಟ್ಟಿಗೆಯ ದ್ರಾಕ್ಷಿ

ವೆಸ್ತಿಯೆನಾದ ಗುಡ್ಡದ ಮೇಲೆ ದ್ರಾಕ್ಷಿ ಬೆಳೆಯುತ್ತೇನೆ ಎಂದವರನ್ನು ಕೆಳಗಿನ ಊರುಗಳವರು ಈಗಲೂ ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಲಾಟ್ವಿಯಾದಲ್ಲಿ ಅಂಥ ಚಳಿಯ ಜಾಗಗಳು ಹೆಚ್ಚಿಲ್ಲ. ಮೇ ತಿಂಗಳ ಕೊನೆಗೂ ಆಲೂಗಡ್ಡೆಯ ಎಲೆ ಮಂಜಿಗೆ ಕಪ್ಪಾಗುತ್ತದೆ. ಸೆಪ್ಟೆಂಬರ್ ಮುಗಿಯುವ ಮೊದಲೇ ಬೆಳಿಗ್ಗೆ ಕಾರಿನ ಗಾಜು ಕೆರೆಯಬೇಕಾಗುತ್ತದೆ. ಆದರೂ ಹೊಸ ಮನೆಯ ನಕ್ಷೆ ಹಾಕಿಸುವಾಗ ಅಗ್ರಿತಾ ಮೊದಲು ಕೇಳಿದ್ದು ಅಡುಗೆಮನೆಯ ವಿಚಾರವನ್ನಲ್ಲ, ದಕ್ಷಿಣದ ಗೋಡೆ ಎಷ್ಟು ಉದ್ದ ಬರುತ್ತದೆ ಎಂದು.

ಅವಳು ರೀಗಾದಲ್ಲಿ ಹುಟ್ಟಿ ಬೆಳೆದವಳು. ಗುಂಟಿಸ್‌ನನ್ನು ಮದುವೆಯಾಗಿ ಈ ಗುಡ್ಡ ಹತ್ತಿದ್ದಳು. ಮಾದೋನಾ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸ. ಔಷಧಿ ಅಂಗಡಿಯವರಿಗೆ ಶೀಶೆಯ ಮೇಲಿನ ಚೀಟಿಯೇ ಸತ್ಯ. ಒಳಗೇನಿದೆ ಎಂದು ಯಾರೂ ನೆಕ್ಕಿ ನೋಡುವುದಿಲ್ಲ. ದ್ರಾಕ್ಷಿಯನ್ನೂ ಅವಳು ಹಾಗೆಯೇ ಆರಿಸಿದಳು. ಒಂದಿಡೀ ಚಳಿಗಾಲ ನರ್ಸರಿಗಳ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಳು. ಗುಡ್ಡದ ಚಳಿ ತಡೆಯಲಾರದ್ದನ್ನು ಮೊದಲು ಹೊಡೆದು ಹಾಕಿದಳು. ತಡವಾಗಿ ಹಣ್ಣಾಗುವುದನ್ನು, ಬೂದಿರೋಗಕ್ಕೆ ಸುಲಭವಾಗಿ ಸಿಕ್ಕಿಕೊಳ್ಳುವುದನ್ನು, ಬರೀ ವೈನಿಗೆ ಲಾಯಕ್ಕಾದದ್ದನ್ನು ಬಿಟ್ಟಳು. ಗೊಂಚಲು ಕೈಯಲ್ಲಿ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತು ತಿನ್ನುವಂಥದ್ದು ಅವಳಿಗೆ ಬೇಕಿತ್ತು. ಕೊನೆಗೆ ಉಳಿದದ್ದು ಆರು ತಳಿ. ಗೋಡೆಗೂ ಆರೇ ಬಳ್ಳಿ ಹಿಡಿಸುತ್ತಿದ್ದವು.

ಅತ್ತೆ ಹೆರ್ತಾ ಒದ್ದೆ ಗೋಣಿಯಲ್ಲಿ ಒಂದು ಕಟ್ಟು ದ್ರಾಕ್ಷಿ ಕಡ್ಡಿ ಸುತ್ತಿಕೊಂಡು ಬಂದದ್ದು ಆ ವಸಂತದಲ್ಲೇ.

ಹೆರ್ತಾ ವಯಸ್ಸಿನಲ್ಲಿದ್ದಾಗ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವಳು. ಹಿಮ ಗಟ್ಟಿಯಾದ ಇಳಿಜಾರಿನಲ್ಲಿ ಗಂಡಸರು ಲಾರಿ ನಿಲ್ಲಿಸಿ ಇಳಿದು ನಿಂತಾಗ ತಾನೊಬ್ಬಳೇ ತುಂಬಿದ ಟ್ಯಾಂಕರನ್ನು ಕೆಳಗಿಳಿಸಿದ ಕಥೆಯನ್ನು ಅವಳು ಹೇಳದ ಹಬ್ಬವಿರಲಿಲ್ಲ. ತನ್ನ ಹಿಟ್ಟಿನ ರೈ ರೊಟ್ಟಿ, ತನ್ನ ಕೈಯ ಚೀಸು, ಚರ್ಚಿನ ಗಾಯನ ಮೇಳದಲ್ಲಿ ತನ್ನ ಕಂಠ, ಇವಕ್ಕೆ ಸಮ ಇನ್ನೊಂದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಬೇರೆಯವರು ಹೇಳಲಿ ಎಂದು ಕಾಯುತ್ತಿರಲಿಲ್ಲ. ರಸ್ತೆಯಾಚೆಯ ಹಳೆ ಮನೆಯಲ್ಲಿ ಅವಳ ವಾಸ. ಅಲ್ಲಿನ ಹಬೆಸ್ನಾನದ ಗುಡಿಸಲಿನ ಮೇಲೆ ಹಬ್ಬಿದ್ದ ನೀಲಿ ದ್ರಾಕ್ಷಿ ಬಳ್ಳಿ ತಾನೇ ಹುಟ್ಟಿಸಿದ್ದು ಎಂಬುದೂ ಆ ಬಡಾಯಿಗಳಲ್ಲಿ ಒಂದು. ಗುಡಿಸಲು ಕೊಳೆತು ವಾಲಿತ್ತು. ಆ ಬೇಸಿಗೆಯಲ್ಲಿ ಗುಂಟಿಸ್ ಅದನ್ನು ಕೆಡವುವವನಿದ್ದ.

"ತಗೋ, ಗೋಡೆ ನಡುವಿನ ಜಾಗ ನಮ್ ಬಳ್ಳಿಗೆ ಇರ್ಲಿ" ಎಂದಳು ಹೆರ್ತಾ, ಗೋಣಿಯನ್ನು ಮೇಜಿನ ಮೇಲಿಟ್ಟು.

"ಜಾಗ ಎಲ್ಲಾ ಆಗೋಯ್ತಲ್ಲ ಅತ್ತೆ. ಆರೂ ಆರಿಸಿಬಿಟ್ಟಿದೀನಿ."

"ಒಂದನ್ನ ಬಿಡು."

"ನಿಮ್ದು ಜಿಲ್ಗಾ ತಳಿ ಅಲ್ವಾ? ಜಿಲ್ಗಾ ಯಾರ ಮನೇಲಿಲ್ಲ ಹೇಳಿ. ಪಾದ್ರಿ ಮನೇಲಿದೆ, ಸ್ಕೂಲ್ ಕಾಂಪೌಂಡಲ್ಲಿದೆ, ಬಸ್ ಸ್ಟಾಪಲ್ಲೂ ಇದೆ."

ಹೆರ್ತಾಳ ಮೂಗಿನ ಹೊಳ್ಳೆ ಅರಳಿತು. "ಜಿಲ್ಗಾ ಅಂತೆ. ಇದನ್ನ ನಾನ್ ಹುಟ್ಟಿಸಿದ್ದು. ಎಷ್ಟ್ ಸಲ ಹೇಳಿದೀನಿ."

"ಹೇಳಿದೀರಿ, ಹೇಳಿದೀರಿ" ಎಂದ ಗುಂಟಿಸ್, ಸೂಪಿನ ತಟ್ಟೆಯಿಂದ ತಲೆ ಎತ್ತದೆ. "ಅಮ್ಮ, ನಾನು ಹುಟ್ಟಿದ ಕಥೆಗಿಂತ ಆ ಬಳ್ಳಿ ಹುಟ್ಟಿದ ಕಥೆ ಜಾಸ್ತಿ ಸಲ ಕೇಳಿದೀನಿ."

"ನಿನಗಿಂತ ಅದೇ ವಾಸಿ. ಎದುರು ಮಾತಾಡಲ್ಲ."

ಅಗ್ರಿತಾ ನಕ್ಕಳು, ಆದರೆ ಮಣಿಯಲಿಲ್ಲ. ಆ ಬಳ್ಳಿ ಜಿಲ್ಗಾ ಎಂದು ಊರೆಲ್ಲ ಹೇಳುತ್ತಿತ್ತು. ಹಣ್ಣು ನೀಲಿ, ಹಳೆಯ ಬಳ್ಳಿ, ಚಳಿಗೆ ಜಗ್ಗುವುದಿಲ್ಲ, ಇನ್ನೇನಿದ್ದೀತು? ಹೆರ್ತಾ ಹಣ್ಣನ್ನೆಲ್ಲ ಸೇಬಿನ ಜೊತೆ ಕುದಿಸಿ ರಸ ಮಾಡಿಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅಗ್ರಿತಾ ಒಂದೆರಡು ಕಾಳು ಕಿತ್ತು ತಿಂದಿದ್ದಳು, ಚೆನ್ನಾಗಿದೆ ಎನಿಸಿತ್ತು. ಊರ ದ್ರಾಕ್ಷಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದಳು.

ಹೆರ್ತಾ ಮತ್ತೆ ಬೇಡಲಿಲ್ಲ. ಬೇಡುವ ಜಾಯಮಾನವೇ ಅವಳದಲ್ಲ. ಗುದ್ದಲಿ ಎತ್ತಿಕೊಂಡು ಹೊಸ ಮನೆಯ ಹಿಂದಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಬಿಸಿಲೇ ಬೀಳದ ಸೌದೆ ಕೊಟ್ಟಿಗೆಯ ಪಕ್ಕ ಗುಂಡಿ ತೋಡಿ ಒಂದು ಕಡ್ಡಿ ನೆಟ್ಟಳು. ಉಳಿದವನ್ನು ಅಲ್ಲೇ ಬೇಲಿಯ ಬುಡಕ್ಕೆ ಒತ್ತಿದಳು. ಅವು ಬೇರು ಬಿಡಲಿಲ್ಲ. ಜುಲೈ ಬಿಸಿಲಲ್ಲಿ ಗುಂಟಿಸ್ ಗುಡಿಸಲು ಕೆಡವಿದ. ಹಳೆಯ ಬಳ್ಳಿಯ ಬುಡ ತೊಲೆಗಳ ಅಡಿಗೆ ಸಿಕ್ಕಿ ಸೀಳಿಹೋಯಿತು. ಹೆರ್ತಾ ಆ ದಿನ ಹೊರಗೆ ಬರಲಿಲ್ಲ.

ಅಗ್ರಿತಾಳ ಆರು ಬಳ್ಳಿಗಳು ಬಿಳಿ ಗೋಡೆಗೆ ತಂತಿ ಹಿಡಿದು ಏರಿದವು. ಒಂದೊಂದರ ಬುಡದಲ್ಲೂ ತಗಡಿನ ಚೀಟಿ, ಅದರ ಮೇಲೆ ಹೆಸರು. ಮಾದೋನಾದ ದ್ರಾಕ್ಷಿ ಬೆಳೆಗಾರರ ಸಂಘಕ್ಕೆ ಅವಳು ಸೇರಿಕೊಂಡಳು. ಶರತ್ಕಾಲದಲ್ಲಿ ಬಳ್ಳಿಗಳನ್ನು ತಂತಿಯಿಂದ ಬಿಡಿಸಿ ನೆಲಕ್ಕೆ ಮಲಗಿಸಿ ಸ್ಪ್ರೂಸ್ ಮರದ ಸೊಪ್ಪು ಹೊದಿಸುವುದು, ವಸಂತದಲ್ಲಿ ಮಂಜು ಬಿದ್ದೀತೆಂಬ ಸಂಜೆ ಬಟ್ಟೆ ಮುಚ್ಚುವುದು, ಎಲ್ಲ ಕಲಿತಳು. ಮೂರನೆಯ ಬೇಸಿಗೆಗೆ ಹಣ್ಣು ಕಟ್ಟಿತು. ಐದು ಬಳ್ಳಿ ಚೀಟಿಯಲ್ಲಿದ್ದಂತೆಯೇ ಬಿಟ್ಟವು. ಆರನೆಯದು, ಅವಳು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟು ಗೋಡೆಯ ನಟ್ಟನಡುವೆ ನೆಟ್ಟಿದ್ದ, ಬೇಗ ಹಣ್ಣಾಗುವ ದಪ್ಪ ಕಪ್ಪು ದ್ರಾಕ್ಷಿ, ಆಗಸ್ಟ್ ಕಳೆದರೂ ಕಪ್ಪಾಗಲಿಲ್ಲ. ಸೆಪ್ಟೆಂಬರಿನಲ್ಲೂ ಅದು ಬಟಾಣಿಯಂತೆ ಹಸಿರಾಗಿ, ಕಲ್ಲಿನಂತೆ ಗಟ್ಟಿಯಾಗಿ ನಿಂತಿತ್ತು.

ಹೆರ್ತಾ ರಸ್ತೆ ದಾಟಿ ಬಂದು, ಕೈ ಹಿಂದೆ ಕಟ್ಟಿಕೊಂಡು, ಆ ಬಳ್ಳಿಯ ಮುಂದೆ ಬಹಳ ಹೊತ್ತು ನಿಂತಳು.

"ಕಪ್ಪು ದ್ರಾಕ್ಷಿ ಅಂದ್ಯಲ್ಲ."

"ಚೀಟೀಲಿ ಹಾಗೇ ಬರ್ದಿತ್ತು ಅತ್ತೆ."

"ಚೀಟಿ ಕಪ್ಪಗೇ ಇದೆ ಬಿಡು. ಅದನ್ನೇ ತಿನ್ನು."

ಅಗ್ರಿತಾ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಸಂಘದ ಸಾರ್ಮಾಳಿಗೆ ಫೋನು ಮಾಡಿದಳು.

ಸಾರ್ಮಾ ನಿವೃತ್ತ ಶಾಲಾ ಶಿಕ್ಷಕಿ. ಎಲೆ ನೋಡಿ ತಳಿಯ ಹೆಸರು ಹೇಳುವುದರಲ್ಲಿ ಆ ಸೀಮೆಯಲ್ಲಿ ಅವಳಿಗೆ ದೊಡ್ಡ ಹೆಸರು. ಬಂದವಳು ಹಣ್ಣಿನ ಕಡೆ ನೋಡಲೇ ಇಲ್ಲ. ಬಳ್ಳಿಯ ತುದಿಯ ಎಳೆಯ ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಗ್ರಿತಾಳ ಮುಂದೆ ತಂದಳು.

"ನೋಡಮ್ಮ, ಮೊದಲು ಕುಡಿ. ತುಪ್ಪಳ ಇದೆಯೋ, ನುಣ್ಣಗಿದೆಯೋ. ಬಣ್ಣ ಏನು. ಆಮೇಲೆ ಎಲೆ ತೊಟ್ಟು ಸೇರೋ ಕಡೆ ಸಂದು ನೋಡು: ಅಗಲಾನೋ, ಮುಚ್ಕೊಂಡಿದೆಯೋ. ಎಲೆಯ ಬೆರಳುಗಳು ಎಷ್ಟು ಆಳಕ್ಕೆ ಸೀಳಿವೆ. ಅಡಿ ತಿರುಗಿಸಿ ಉಜ್ಜು. ಹಣ್ಣು ಕೊನೇಗೆ. ಹಣ್ಣಿನ ಬಣ್ಣ ನೋಡಿ ತಳಿ ಹೇಳೋರು ಕೋಟಿನ ಬಣ್ಣ ನೋಡಿ ಮನುಷ್ಯನ್ನ ಗುರುತು ಹಿಡಿಯೋರ ಹಾಗೆ."

"ಹಾಗಾದ್ರೆ ಇದ್ಯಾವ್ದು?"

"ತೆಂಕಣ ದೇಶದ್ದು. ಬಿಸಿಲಿನ ಸೀಮೆಯದು. ನರ್ಸರೀಲಿ ಯಾರೋ ಕಡ್ಡಿ ಅದಲುಬದಲು ಮಾಡಿದಾರೆ. ಇಲ್ಲಿ ಇದು ಯಾವತ್ತೂ ಹಣ್ಣಾಗಲ್ಲಮ್ಮ, ನೀನು ಎಷ್ಟು ಹೊದ್ದಿಸಿದ್ರೂ."

ಆ ಬಳ್ಳಿಯನ್ನು ಅಗ್ರಿತಾ ತಾನೇ ಅಗೆದು ತೆಗೆದಳು. ಆದರೆ ಸಾರ್ಮಾ ಕಲಿಸಿದ್ದು ಅವಳ ಬೆರಳಿಗೆ ಅಂಟಿಕೊಂಡಿತು. ಮುಂದಿನ ಬೇಸಿಗೆಯೆಲ್ಲ ದ್ರಾಕ್ಷಿ ಕಂಡಲ್ಲಿ ನಿಂತುಬಿಡುತ್ತಿದ್ದಳು. ಕಾರು ನಿಲ್ಲಿಸಿ ಪರರ ಬೇಲಿಯ ಮೇಲಿನ ಎಲೆ ತಿರುವುತ್ತಿದ್ದಳು. ಔಷಧಿಗೆ ಬಂದವರು ತಮ್ಮ ಮನೆಯ ಬಳ್ಳಿಯ ಎಲೆಯನ್ನು ಜೇಬಿನಲ್ಲಿ ತಂದು ತೋರಿಸತೊಡಗಿದರು. ಮೊದಮೊದಲು ತಪ್ಪು ಹೇಳಿದಳು, ಸಾರ್ಮಾ ತಿದ್ದಿದಳು. ಬರಬರುತ್ತ ತಿದ್ದುವುದು ಕಡಿಮೆಯಾಯಿತು.

ಜೂನ್‌ನ ಒಂದು ಸಂಜೆ ಸೌದೆ ತರಲು ಕೊಟ್ಟಿಗೆಗೆ ಹೋದಾಗ ಅತ್ತೆಯ ಬಳ್ಳಿ ಅವಳ ಭುಜಕ್ಕೆ ತಗುಲಿತು. ಯಾರೂ ಹೊದಿಸದೆ, ಯಾರೂ ಕಟ್ಟದೆ ಅದು ಕೊಟ್ಟಿಗೆಯ ಸೂರು ಹತ್ತಿಬಿಟ್ಟಿತ್ತು. ಆ ವರ್ಷ ಮೇ ಕೊನೆಯ ಮಂಜಿಗೆ ಗೋಡೆಯ ಬಳ್ಳಿಗಳ ಚಿಗುರು ಅರ್ಧಕ್ಕರ್ಧ ಸುಟ್ಟುಹೋಗಿತ್ತು. ಇದರ ಚಿಗುರೂ ಸುಟ್ಟಿತ್ತು, ಆದರೆ ಪಕ್ಕದ ಮೊಗ್ಗಿನಿಂದ ಹೊಸದಾಗಿ ಒಡೆದು, ಅದರಲ್ಲೂ ಹೂಗೊಂಚಲು ಹೊತ್ತಿತ್ತು. ಅಗ್ರಿತಾ ಸೌದೆ ಕೆಳಗಿಟ್ಟಳು. ಅಭ್ಯಾಸಬಲದಿಂದ ಕೈ ಕುಡಿಗೆ ಹೋಯಿತು. ಕುಡಿಯಲ್ಲಿ ಬಿಳಿ ತುಪ್ಪಳ, ಅಂಚಿನಲ್ಲಿ ಗುಲಾಬಿ. ಎಲೆ ಅಂಗೈ ಬಿಡಿಸಿ ಹಿಡಿದಂತೆ ಆಳವಾಗಿ ಸೀಳಿದೆ. ತೊಟ್ಟಿನ ಸಂದು ಮುಚ್ಚಿಕೊಂಡಿದೆ.

ಅವಳು ಅಲ್ಲಿಂದಲೇ ಪಾದ್ರಿ ಮನೆಯವರೆಗೆ ನಡೆದಳು. ಅಲ್ಲಿನ ಜಿಲ್ಗಾದ ಎಲೆಯೊಂದನ್ನು ಕೇಳಿ ಕಿತ್ತುಕೊಂಡು ಬಂದು ಇದರ ಪಕ್ಕ ಹಿಡಿದಳು. ಅದು ಗುಂಡಗೆ, ಅಗಲಕ್ಕೆ. ಇದು ಬೇರೆ. ಇಷ್ಟು ಬೇರೆಯಾದದ್ದನ್ನು ಇಷ್ಟು ವರ್ಷ ದಿನವೂ ನೋಡಿಯೂ ಹೇಗೆ ಕಾಣಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಹಳೆಯ ಬಳ್ಳಿ ಗುಡಿಸಲಿನ ಜೊತೆ ಹೋಗಿದೆ. ಕಡ್ಡಿಗಳಲ್ಲಿ ಬದುಕಿದ್ದು ಇದೊಂದೇ, ಅದೂ ಮುದುಕಿಯ ಸಿಟ್ಟಿನಿಂದ.

ಹೆರ್ತಾ ಬಾಗಿಲಲ್ಲೇ ಕೂತು ಹುಳಿಸೊಪ್ಪು ಹೆಚ್ಚುತ್ತಿದ್ದಳು.

"ಅತ್ತೆ, ನಿಮ್ ಬಳ್ಳಿ ಜಿಲ್ಗಾ ಅಲ್ಲ."

ಚಾಕು ನಿಲ್ಲಲಿಲ್ಲ. "ಹೌದಾ. ನಂಗೆ ಗೊತ್ತೇ ಇರ್ಲಿಲ್ಲ ನೋಡು."

"ಅದು ಹೇಗೆ ಹುಟ್ಟಿದ್ದು, ಇನ್ನೊಂದ್ಸಲ ಹೇಳಿ."

"ಯಾಕೆ, ಇಷ್ಟ್ ದಿನ ಕಿವಿ ಎಲ್ಲಿಟ್ಟಿದ್ದೆ?"

"ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಈಗ ಹೇಳಿ."

ಹೆರ್ತಾ ಚಾಕು ಕೆಳಗಿಟ್ಟಳು. ಸೊಸೆಯ ಮುಖ ನೋಡಿದಳು, ತಮಾಷೆಯಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಹೇಳಿದಳು.

ಸಾಮೂಹಿಕ ಬೇಸಾಯದ ಕಾಲ. ಕೆಳಗಿನ ಊರಿನ ಫಾರಮ್ಮಿನಲ್ಲಿ ಸೌತೆಕಾಯಿ ಬೆಳೆಯುವ ದೊಡ್ಡ ಗಾಜಿನ ಮನೆ ಇತ್ತು. ಅದರ ಮೂಲೆಯಲ್ಲಿ ಫಾರಮ್ಮಿನ ಅಧ್ಯಕ್ಷ ಎಲ್ಲಿಂದಲೋ ತರಿಸಿದ ಒಂದು ತೆಂಕಣ ದ್ರಾಕ್ಷಿ ಬಳ್ಳಿ. ಹಣ್ಣು ಬಂದ ದಿನ ಗಾಜಿನ ಮನೆಯೆಲ್ಲ ಲಿಂಡೆನ್ ಮರದ ಹೂವಿನ ಜೇನಿನಂಥ ವಾಸನೆ. ಆದರೆ ಹೊರಗಿಟ್ಟರೆ ಒಂದು ಚಳಿಗಾಲ ಬದುಕುವಂಥದ್ದಲ್ಲ. ಹೆರ್ತಾಳ ತವರಿನ ಹಿತ್ತಲಲ್ಲಿ ಇನ್ನೊಂದು ಬಳ್ಳಿ ಇತ್ತು: ಎಂಥ ಹಿಮಕ್ಕೂ ಜಗ್ಗದ್ದು, ಹುಳಿಯೆಂದರೆ ಹುಳಿ, ಬಿಡುವುದು ಬರೀ ಹೆಣ್ಣು ಹೂವು, ಬೇರೆ ಬಳ್ಳಿಯ ಪರಾಗ ಬೀಳದೆ ಕಾಯಿ ಕಟ್ಟದು.

"ಇವೆರಡನ್ನೂ ಸೇರಿಸಬೇಕು ಅನ್ನಿಸ್ತು" ಎಂದಳು ಹೆರ್ತಾ. "ಆದ್ರೆ ಗಾಜಿನ ಮನೇಲಿ ಹೂ ಬಿಡೋದು ಒಂದು ತಿಂಗಳು ಮೊದಲು. ಕಾಯ್ಕೊಂಡು ಕೂತ್ರೆ ಪರಾಗ ಕೆಡುತ್ತೆ. ನಾನು ಹಾಲು ತುಂಬಕ್ಕೆ ಹೋದಾಗ ಹೂ ಕೊಡವಿ ಪುಡಿ ಬೆಂಕಿಪೊಟ್ಟಣದಲ್ಲಿ ಹಾಕ್ಕೊಂಡೆ. ಡೈರಿ ಶೀತದ ಕೋಣೆ ಇದೆಯಲ್ಲ, ಬೆಣ್ಣೆ ಇಡೋದು, ಅಲ್ಲಿ ಮೇಲಿನ ಹಲಗೆ ಮೇಲಿಟ್ಟೆ. ಯಾರ್ಗೂ ಹೇಳ್ಲಿಲ್ಲ. ತವರಿನ ಬಳ್ಳಿ ಹೂ ಬಿಟ್ಟ ದಿನ ತಂದು ಮೊಲದ ಬಾಲದಲ್ಲಿ ಸವರಿದೆ."

"ಮೊಲದ ಬಾಲದಲ್ಲಾ?"

"ಮತ್ತಿನ್ನೇನು, ನಿಮ್ಮ ಅಂಗಡಿ ಹತ್ತಿ ಆಗ ಎಲ್ಲಿ ಸಿಗ್ತಿತ್ತು. ಬೀಜ ಬಂತು. ಸಸಿ ಮಾಡಿದೆ. ಗುಡಿಸಲು ಹಿಂದೆ ಸಾಲಾಗಿ ನೆಟ್ಟೆ. ಹೊದಿಕೆ ಹಾಕ್ಲಿಲ್ಲ. ನಮ್ಮತ್ತೆ ಬೈದ್ರು, ಪಾಪ ಹಾಕು ಅಂತ. ನಾನು ಹಾಕ್ಲಿಲ್ಲ. ಬದುಕೋದು ಬದುಕ್ಲಿ ಅಂದೆ. ಮೊದಲ್ನೇ ಚಳಿಗೆ ಸುಮಾರು ಹೋದ್ವು. ಆಮೇಲೆ ಬಂತಲ್ಲ ಆ ಕೆಟ್ಟ ಚಳಿ, ಸೇಬಿನ ಮರಗಳೆಲ್ಲ ಸೀಳಿಹೋದ್ವು, ಆಗ ಉಳಿದಿದ್ದು ಎರಡು. ಒಂದರ ಹಣ್ಣು ಬಾಯಿಗಿಡೋ ಹಾಗಿರ್ಲಿಲ್ಲ, ಕಡಿದೆ. ಇನ್ನೊಂದು ಇದು."

ಅಗ್ರಿತಾ ಒಂದು ಚಳಿಗಾಲ ಬೆಚ್ಚಗೆ ಮೇಜಿನ ಮುಂದೆ ಕೂತು ಆರಿಸಿದ್ದಳು. ಈ ಹೆಂಗಸು ಚಳಿಯ ಕೈಯಲ್ಲೇ ಆರಿಸಿದ್ದಳು, ವರ್ಷಗಟ್ಟಲೆ.

"ನೀವು ಗೋಡೆ ಮೇಲೆ ಜಾಗ ಕೇಳಿದ್ರಿ. ನಾನು ಕೊಡ್ಲಿಲ್ಲ" ಎಂದಳು.

"ಕೊಡ್ಲಿಲ್ಲ" ಎಂದಳು ಹೆರ್ತಾ. ಆಮೇಲೆ ಮತ್ತೆ ಸೊಪ್ಪು ಎಳೆದುಕೊಂಡಳು. "ಊಟಕ್ಕಿರು. ಸೂಪು ಜಾಸ್ತಿ ಇದೆ."

ಸೆಪ್ಟೆಂಬರ್ ಮೊದಲಲ್ಲಿ ಆ ಅರೆನೆರಳಿನಲ್ಲೇ ಹಣ್ಣು ಮಾಗಿತು. ಗೊಂಚಲು ದೊಡ್ಡದಲ್ಲ, ಕಾಳು ನೀಲಿ, ಮೇಲೆ ಬೂದಿ ಬಳಿದಂತೆ ತೆಳು ಪುಡಿ. ಅಗ್ರಿತಾ ಒಂದು ಕಾಳು ಬಾಯಿಗಿಟ್ಟಳು, ಆಮೇಲೆ ಪಾದ್ರಿ ಮನೆಯ ಜಿಲ್ಗಾದ ಒಂದು ಕಾಳು. ಅದರಲ್ಲಿ ಕಾಡು ಸ್ಟ್ರಾಬೆರಿಯ ಘಮ. ಇದರಲ್ಲಿ ಅದಿಲ್ಲ, ಕಾಳು ಒಡೆದ ಮೇಲೆ, ನುಂಗುವ ಹೊತ್ತಿಗೆ, ಗಂಟಲ ಹಿಂದೆ ಲಿಂಡೆನ್ ಹೂವು.

ಮಾದೋನಾದ ಸಾಂಸ್ಕೃತಿಕ ಭವನದಲ್ಲಿ ಸಂಘದ ವಾರ್ಷಿಕ ಪ್ರದರ್ಶನ. ಅಗ್ರಿತಾ ಅತ್ತೆಯನ್ನು ಕರೆದಳು.

"ನಾನ್ ಬರಲ್ಲ" ಎಂದಳು ಹೆರ್ತಾ. "ಇಷ್ಟ್ ವರ್ಷ ನನ್ ಮಾತು ಕೇಳಿ ಹಲ್ಲು ಕಿಸಿದೋರ ಮುಂದೆ ತಟ್ಟೆ ಹಿಡ್ಕೊಂಡ್ ನಿಂತ್ಕೊಳ್ಲಾ? ಬೇಕಾದ್ರೆ ಅವ್ರೇ ಬಂದು ಕರೀಲಿ."

ಹಾಗಾಗಿ ಅಗ್ರಿತಾ ಒಬ್ಬಳೇ ಹೋದಳು. ಉದ್ದನೆಯ ಮೇಜುಗಳ ಮೇಲೆ ತಟ್ಟೆಗಳ ಸಾಲು, ಪ್ರತಿಯೊಂದರ ಮುಂದೆ ಹೆಸರಿನ ಚೀಟಿ. ಅವಳೂ ತನ್ನ ಐದು ತಟ್ಟೆ ಇಟ್ಟಳು. ಆರನೆಯ ತಟ್ಟೆಯಲ್ಲಿ ಹೆರ್ತಾಳ ಗೊಂಚಲು, ಪಕ್ಕದಲ್ಲಿ ಎಲೆಯ ಸಮೇತ ಒಂದು ಕುಡಿ, ಮುಂದೆ ಖಾಲಿ ಚೀಟಿ.

ಖಾಲಿ ಚೀಟಿ ಜನರನ್ನು ಎಳೆಯಿತು. ಒಬ್ಬ ಜಿಲ್ಗಾ ಎಂದ. ಪಕ್ಕದವನು ತಿಂದು ನೋಡಿ, ಜಿಲ್ಗಾ ತಿಂದಿದ್ದೀಯೇನೋ ಎಂದು ಅವನನ್ನು ಕೇಳಿದ. ಇನ್ನೊಬ್ಬಳು ರಷ್ಯಾದ ಯಾವುದೋ ತಳಿಯ ಹೆಸರು ಹೇಳಿದಳು, ಎಲೆ ನೋಡಿ ತಾನೇ ತಲೆಯಾಡಿಸಿ ಹಿಂತೆಗೆದುಕೊಂಡಳು. ಕೊನೆಗೆ ಸಾರ್ಮಾ ಬಂದಳು. ಗುಂಪು ಸರಿದು ದಾರಿ ಬಿಟ್ಟಿತು. ಅವಳು ಕುಡಿ ನೋಡಿದಳು, ಎಲೆಯ ಅಡಿ ಉಜ್ಜಿದಳು, ಕನ್ನಡಕ ಹಣೆಗೇರಿಸಿ ಬೀಜವನ್ನು ಬೆಳಕಿಗೆ ಹಿಡಿದಳು. ಒಂದು ಕಾಳು ತಿಂದಳು. ಇನ್ನೊಂದು ತಿಂದಳು.

"ನಂಗೆ ಗೊತ್ತಿಲ್ಲ" ಎಂದಳು.

ಸಾರ್ಮಾ ಆ ಮಾತು ಹೇಳಿದ್ದನ್ನು ಅಲ್ಲಿದ್ದವರ್ಯಾರೂ ಹಿಂದೆಂದೂ ಕೇಳಿರಲಿಲ್ಲ.

"ಎಲ್ಲಿ ಬೆಳೀತಿದೆ ಇದು?"

"ವೆಸ್ತಿಯೆನಾದಲ್ಲಿ. ಸೌದೆ ಕೊಟ್ಟಿಗೆ ಪಕ್ಕ. ಹೊದಿಕೆ ಇಲ್ಲ" ಎಂದಳು ಅಗ್ರಿತಾ. "ನಮ್ಮತ್ತೆ ಹುಟ್ಟಿಸಿದ್ದು." ಆ ಮಾತು ಅಷ್ಟು ಜೋರಾಗಿ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ.

"ಕರ್ಸು ಅವರನ್ನ. ಸಂಘದ ಪರವಾಗಿ ನಾನು ಕರೀತಿದೀನಿ ಅಂತ ಹೇಳು."

ಅಗ್ರಿತಾ ಗುಂಟಿಸ್‌ಗೆ ಫೋನು ಮಾಡಿದಳು. ಅತ್ತೆಗೆ ಹೇಗೆ ಹೇಳುವುದು, ಹೇಗೆ ಒಪ್ಪಿಸುವುದು ಎಂದು ಅವಳು ಶುರು ಮಾಡುವಷ್ಟರಲ್ಲಿ ಅವನು ತಡೆದ. "ಅಮ್ಮ ಬೆಳಿಗ್ಗೆಯಿಂದ ಕಾರಲ್ಲೇ ಕೂತಿದಾಳೆ. ಎಲ್ಲಿಗೆ ಅಂತ ಕೇಳಿದ್ರೆ ಗಾಳಿಗೆ ಅಂತಾಳೆ."

ಹೆರ್ತಾ ಗಾಯನೋತ್ಸವದ ಉಡುಪಿನಲ್ಲಿ ಬಂದಳು: ಕೆಂಪು ಪಟ್ಟೆಯ ಲಂಗ, ಬಿಳಿ ಉಣ್ಣೆಯ ಶಾಲು, ಎದೆಯ ಮೇಲೆ ಅಂಗೈಯಗಲದ ಬೆಳ್ಳಿಯ ಪದಕ. ಭವನದ ಬಾಗಿಲಿಂದ ಮೇಜಿನವರೆಗೆ ಆತುರವಿಲ್ಲದೆ ನಡೆದಳು. ಸಾರ್ಮಾ ಕೈ ಚಾಚಿದಳು. ಹೆರ್ತಾ ಹಿಡಿದು ಕುಲುಕಿದಳು.

"ತಾಯಿ ಬಳ್ಳಿ ಯಾವ್ದು?" ಎಂದು ಕೇಳಿದಳು ಸಾರ್ಮಾ.

"ನಮ್ ತವರಿನ ಹಿತ್ತಲದ್ದು. ಗಿರಣಿ ಪಕ್ಕದ ಮನೆ."

"ಆ ಹುಳೀ ಹೆಣ್ಣು ಬಳ್ಳಿನಾ? ಅದು ಇನ್ನೂ ಇದೆಯಲ್ಲ. ನಾನು ನೋಡಿದೀನಿ." ಸಾರ್ಮಾ ಕುಡಿಯನ್ನು ಮತ್ತೆ ಎತ್ತಿದಳು. "ಅದೇ ಬಿಳಿ ತುಪ್ಪಳ. ಚಳಿ ತಡೆಯೋದು ಅದರಿಂದ ಬಂದಿದೆ. ಮತ್ತೆ ಈ ಘಮ?"

"ಅದು ಹೇಳಕ್ಕೆ ಸ್ವಲ್ಪ ಹೊತ್ತು ಬೇಕು" ಎಂದಳು ಹೆರ್ತಾ. "ಎಲ್ರೂ ಕೂತ್ಕೊಳ್ಳಿ."

ಯಾರೋ ಮೈಕು ಕೊಟ್ಟರು. ಅವಳು ಅದನ್ನು ಪಕ್ಕಕ್ಕಿಟ್ಟಳು. ಅವಳ ಕಂಠಕ್ಕೆ ಮೈಕು ಬೇಕಿರಲಿಲ್ಲ. ಗಾಜಿನ ಮನೆ, ಬೆಂಕಿಪೊಟ್ಟಣ, ಬೆಣ್ಣೆಯ ಕೋಣೆ, ಮೊಲದ ಬಾಲ, ಸೇಬಿನ ಮರಗಳನ್ನು ಸೀಳಿದ ಚಳಿ, ಎಲ್ಲವನ್ನೂ ಹೇಳಿದಳು. ನಡುವೆ ಟ್ಯಾಂಕರ್ ಇಳಿಸಿದ ಕಥೆಯನ್ನೂ ಸೇರಿಸಿದಳು. ಯಾರೂ ಎದ್ದು ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಗುಂಟಿಸ್ ಈ ಸಲ ತಮಾಷೆ ಮಾಡಲಿಲ್ಲ. ಅವನ ಕಣ್ಣು ತಾಯಿಯ ಮೇಲಿಂದ ಕದಲಲಿಲ್ಲ.

ಮುಗಿದ ಮೇಲೆ ಸಾರ್ಮಾ ಖಾಲಿ ಚೀಟಿ ಎತ್ತಿಕೊಂಡು ಪೆನ್ನು ತೆಗೆದಳು. "ಹೆಸರೇನಿಡೋಣ? ಸಾಧಾರಣವಾಗಿ ಊರಿನ ಹೆಸರು, ಇಲ್ಲಾ ಮಕ್ಕಳ ಹೆಸರು ಇಡ್ತಾರೆ."

"ಹೆರ್ತಾ" ಎಂದಳು ಹೆರ್ತಾ. "ಇನ್ಯಾರ ಹೆಸ್ರು ಇಡ್ತೀರಿ? ಕಷ್ಟ ಪಟ್ಟಿದ್ದು ನಾನು."

ಭವನವೆಲ್ಲ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಅಗ್ರಿತಾ ಕೈ ಉರಿಯುವವರೆಗೆ ತಟ್ಟಿದಳು.

ಮರುವಸಂತದಲ್ಲಿ ಕಡ್ಡಿ ಕೇಳಿಕೊಂಡು ಜನ ಗುಡ್ಡ ಹತ್ತಿ ಬರತೊಡಗಿದರು. ಹೆರ್ತಾ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಹೆಣ್ಣು ಕೊಡುವವರಂತೆ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು. ತೋಟ ಹೇಗಿದೆ, ಬೇಲಿ ಹಾಕಿದ್ದೀಯಾ, ಮೇಕೆ ಇದೆಯಾ. ಮೇಕೆ ಇದ್ದವನೊಬ್ಬನನ್ನು ಬರಿಗೈಯಲ್ಲಿ ಕಳಿಸಿಬಿಟ್ಟಳು. ಒಂದು ದಿನ ಅಲುಕ್ಸ್ನೆಯ ಕಡೆಯಿಂದ ಬಂದ ಹೆಂಗಸೊಬ್ಬಳು ಕೈ ತುಂಬ ಎಲೆಗಳ ಫೋಟೋ ಹಿಡಿದುಕೊಂಡು ಬಂದಳು. ಅವಳ ತೋಟ ತಗ್ಗಿನಲ್ಲಿ, ಮಂಜು ಕೂರುವ ಜಾಗ. ಹಳೆಯ ಬಳ್ಳಿ ಮೂರು ಇವೆ, ಯಾವುವೆಂದು ಗೊತ್ತಿಲ್ಲ. ಯಾವುದನ್ನು ಉಳಿಸಲಿ, ಯಾವುದನ್ನು ಕೀಳಲಿ, ಹೊಸದು ಯಾವುದು ನೆಡಲಿ ಎಂದು ಹೆರ್ತಾಳನ್ನು ಕೇಳಿದಳು.

ಹೆರ್ತಾ ಬಾಯಿ ತೆರೆದಳು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೊರಗಿ, ಗೋಡೆಯ ಹತ್ತಿರ ಬಳ್ಳಿ ಕಟ್ಟುತ್ತಿದ್ದ ಅಗ್ರಿತಾಳ ಕಡೆ ಗದ್ದ ತೋರಿಸಿದಳು.

"ಅವಳನ್ನ ಕೇಳಿ. ನಮ್ ಸೊಸೆ. ಎಲೆ ಮುಟ್ಟಿ ಹೇಳ್ತಾಳೆ. ಈ ಸೀಮೇಲಿ ಅವಳ ಹಾಗೆ ಹೇಳೋರು ಇನ್ನೊಬ್ರಿಲ್ಲ."

"ಸಾರ್ಮಾ ಅವರಿದಾರಲ್ಲ ಅತ್ತೆ" ಎಂದಳು ಅಗ್ರಿತಾ.

"ಸಾರ್ಮಾಗೆ ಗೊತ್ತಾಗ್ಲಿಲ್ಲ, ನಿಂಗೆ ಗೊತ್ತಾಯ್ತು. ಸುಮ್ನೆ ಬಾ ಇಲ್ಲಿ."

ಅಗ್ರಿತಾ ಕೈಯ ಮಣ್ಣು ಒರೆಸಿಕೊಂಡು ಬಂದಳು. ಫೋಟೋಗಳನ್ನು ತೆಗೆದುಕೊಂಡು ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕ ಕೂತಳು.

"ಮೊದಲು ಗೋಡೆ ಯಾವ ಕಡೆಗಿದೆ ಹೇಳಿ" ಎಂದಳು. "ಬೆಳಿಗ್ಗೆ ಬಿಸಿಲು ಅದಕ್ಕೆ ಎಷ್ಟು ಹೊತ್ತಿಗೆ ಬರುತ್ತೆ?"